ಮಗುವಿಗೆ ಹಿಪ್ ಸ್ಪೈಕಾ: ತೊಡೆಸಂದಿಯಲ್ಲಿ ಬಿರುಕು ಬಿಡದಂತೆ, ಹೊಟ್ಟೆ ಬಿಗಿಯದಂತೆ ಹಾಕುವುದು ಹೇಗೆ?

ಪ್ಲಾಸ್ಟರ್ ಟೆಕ್ನೀಶಿಯನ್, ಹಡಪ್ಸರ್, ಪುಣೆ
ಮೂರು ವರ್ಷದ ಮಗು, ತೂಕ 14 ಕಿಲೋ, ತೊಡೆಮೂಳೆ ನಡುವೆ ಮುರಿದಿದೆ. ಡಾಕ್ಟರು ಒಂದೂವರೆ ಸ್ಪೈಕಾ ಹೇಳಿದ್ದಾರೆ, ಅಂದರೆ ಎದೆಯಿಂದ ಸೊಂಟ ಸುತ್ತಿ, ಮುರಿದ ಕಾಲಿಗೆ ಪೂರ್ತಿ, ಇನ್ನೊಂದಕ್ಕೆ ಮಂಡಿಯ ಮೇಲಿನವರೆಗೆ ಹಾಕುವ ಪ್ಲಾಸ್ಟರ್. ನಮ್ಮದು ಸಣ್ಣ ಆಸ್ಪತ್ರೆ, ಕೈಕಾಲಿನ ಪ್ಲಾಸ್ಟರ್ ದಿನವೂ ಹಾಕುತ್ತೇವೆ, ಸ್ಪೈಕಾ ಅಪರೂಪ. ತಯಾರಿ ಏನು, ಎಲ್ಲಿ ಕೆಡುತ್ತದೆ? ತಿಳಿದವರು ಹೇಳಿ.

ಪ್ಲಾಸ್ಟರ್ ಕೋಣೆ, ಪರೇಲ್, ಮುಂಬೈ
ಮಗುವಿಗೆ ಅನಸ್ತೇಷಿಯ ಕೊಡುವ ಮೊದಲೇ ಎಲ್ಲ ಸಾಮಾನು ಕೈಗೆಟುಕುವಂತಿರಲಿ. 6 ಇಂಚಿನ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ರೋಲ್ ಎಂಟು, 4 ಇಂಚಿನದು ಆರು, ಸ್ಟಾಕಿನೆಟ್ (ಚರ್ಮದ ಮೇಲೆ ತೊಡಿಸುವ ಹಿಗ್ಗುವ ಬಟ್ಟೆಯ ಕೊಳವೆ), ಸಾಫ್ಟ್ ರೋಲ್ (ಹತ್ತಿಯ ಸುರುಳಿ), ಫೆಲ್ಟ್ (ಒತ್ತು ತಡೆಯುವ ದಪ್ಪ ಮೆತ್ತನೆಯ ಬಟ್ಟೆ), ಎರಡು ಕಾಲಿನ ನಡುವೆ ಅಡ್ಡ ಕೊಡಲು ಒಂದು ಗಟ್ಟಿ ಕೋಲು. ರೋಲ್ ಉಳಿದರೆ ಉಳಿಯಲಿ, ನಡುವೆ ಹುಡುಕಬಾರದು.

ಹೊಟ್ಟೆಯ ಮೇಲೆ, ಸ್ಟಾಕಿನೆಟ್ ಒಳಗೆ, ಮಡಚಿದ ಟವೆಲ್ ಇಡಿ. ಅದರ ತುದಿ ಎದೆಯ ಕಡೆಯಿಂದ ಹೊರಗೆ ಕಾಣಬೇಕು, ಪ್ಲಾಸ್ಟರ್ ಗಟ್ಟಿಯಾದ ಮೇಲೆ ಎಳೆದು ತೆಗೆಯಬೇಕಲ್ಲ. ಉಸಿರಾಟಕ್ಕೂ ಉಂಡ ಮೇಲೆ ಹೊಟ್ಟೆ ಉಬ್ಬುವುದಕ್ಕೂ ಅಷ್ಟೇ ಜಾಗ. ಸಾಫ್ಟ್ ರೋಲ್ ಅನ್ನು ಅರ್ಧಕ್ಕರ್ಧ ಮೇಲೇರಿಸಿ ಎರಡು ಪದರ ಸುತ್ತಿ. ಬೆನ್ನ ಕೆಳಗಿನ ತ್ರಿಕಾಸ್ಥಿ, ಸೊಂಟದ ಮುಂದಿನ ಮೂಳೆತುದಿಗಳು, ಮಂಡಿಚಿಪ್ಪು, ಹಿಮ್ಮಡಿ, ಇಲ್ಲಿಗೆಲ್ಲ ಫೆಲ್ಟ್. ಹತ್ತಿ ದಪ್ಪವಾದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಹತ್ತಿ ಅಮುಕಿಕೊಂಡ ಮೇಲೆ ಪ್ಲಾಸ್ಟರ್ ಸಡಿಲವಾಗಿ ಮೂಳೆ ಜರುಗುತ್ತದೆ.

ನೀರು ಉಗುರುಬೆಚ್ಚಗಿದ್ದರೆ ಸಾಕು. ಬಿಸಿ ನೀರಲ್ಲಿ ಬೇಗ ಗಟ್ಟಿಯಾಗಿ ಮೋಲ್ಡಿಂಗಿಗೆ (ಕೈಯಿಂದ ಒತ್ತಿ ಆಕಾರ ಕೊಡುವುದಕ್ಕೆ) ಸಮಯ ಸಿಗುವುದಿಲ್ಲ, ಚರ್ಮ ಸುಡುವ ಅಪಾಯವೂ ಇದೆ, ಏಕೆಂದರೆ ಪ್ಲಾಸ್ಟರ್ ಗಟ್ಟಿಯಾಗುವಾಗ ತಾನೇ ಶಾಖ ಬಿಡುತ್ತದೆ. ಬಕೆಟ್ ತಳದಲ್ಲಿ ಪುಡಿ ಕೂತ ನೀರೂ ಅದನ್ನು ಬೇಗ ಗಟ್ಟಿ ಮಾಡುತ್ತದೆ, ಆಗಾಗ ಬದಲಿಸಿ. ರೋಲನ್ನು ಓರೆಯಾಗಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ಎತ್ತಿ, ಎರಡೂ ತುದಿಯಿಂದ ನಡುವಿಗೆ ಮೆಲ್ಲಗೆ ಒತ್ತಿ.

ಮೂಳೆತಜ್ಞ, ಶಿವಾಜಿನಗರ, ಪುಣೆ
ಕ್ರಮದ ಬಗ್ಗೆ ಒಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊದಲು ಮೊಣಕಾಲ ಕೆಳಗೆ ಪ್ಲಾಸ್ಟರ್ ಹಾಕಿ, ಅದನ್ನೇ ಹಿಡಿದು ಕಾಲು ಎಳೆದು, ಸೊಂಟ 90 ಮಂಡಿ 90 ಡಿಗ್ರಿಯಲ್ಲಿ ಉಳಿದದ್ದನ್ನು ಸುತ್ತುವ ಹಳೆಯ ಪದ್ಧತಿ ಬೇಡ. ಎಳೆತ ಬಿಟ್ಟಾಗ ಕಾಲು ಹಿಂದೆ ಸರಿದು ಪ್ಲಾಸ್ಟರಿನ ಅಂಚು ಮೀನಖಂಡಕ್ಕೆ ಒತ್ತುತ್ತದೆ. ಹಾಗೆ ಹಾಕಿದ ಮಕ್ಕಳ ಕಾಲಿನಲ್ಲಿ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ (ಸ್ನಾಯುವಿನೊಳಗೆ ಒತ್ತಡ ಏರಿ ರಕ್ತ ಓಡಾಟ ನಿಲ್ಲುವುದು) ಆದ ಪ್ರಕರಣಗಳನ್ನು 2006ರಲ್ಲಿ ಅಮೆರಿಕದ ಮೂಳೆತಜ್ಞರು ವರದಿ ಮಾಡಿದ್ದಾರೆ. ಎದೆ, ಸೊಂಟ, ತೊಡೆ ಮೊದಲು. ಮಂಡಿಯ ಕೆಳಗಿನದು ಕೊನೆಗೆ, ಎಳೆಯದೆ. ಸೊಂಟ 45ರಿಂದ 60, ಮಂಡಿ 45-50 ಡಿಗ್ರಿ ಬಾಗಿದ್ದರೆ ಸಾಕು, ಕಾಲು ಸುಮಾರು 30 ಡಿಗ್ರಿ ಅಗಲಿರಲಿ.

ತೊಡೆಮೂಳೆ ಹೊರಗಡೆಗೆ ಬಿಲ್ಲಿನಂತೆ ಬಾಗಲು ನೋಡುತ್ತದೆ. ಆದ್ದರಿಂದ ಪ್ಲಾಸ್ಟರ್ ಹಸಿಯಿರುವಾಗ ಅಂಗೈಯನ್ನು ತೊಡೆಯ ಹೊರಬದಿಗೆ, ಮುರಿತದ ಮಟ್ಟದಲ್ಲಿಟ್ಟು ಒಳಕ್ಕೆ ಒತ್ತಿ. ಇನ್ನೊಂದು ಕೈ ಮಂಡಿಯ ಒಳಬದಿಗೆ ಎದುರೊತ್ತು ಕೊಡಲಿ. ಗಟ್ಟಿಯಾಗುವವರೆಗೂ ಕೈ ಕದಲಿಸಬಾರದು. ಸ್ಪೈಕಾ ಗೆಲ್ಲುವುದು ಈ ಒತ್ತಿನಲ್ಲಿ, ರೋಲುಗಳ ಸಂಖ್ಯೆಯಲ್ಲಿ ಅಲ್ಲ. ಅನಸ್ತೇಷಿಯ ಇಳಿಯುವ ಮೊದಲೇ ಎಕ್ಸ್‌ರೇ ನೋಡಿ. ಈ ವಯಸ್ಸಿನಲ್ಲಿ 2 ಸೆಂ.ಮೀ. ಒಳಗಿನ ಗಿಡ್ಡತನಕ್ಕೆ ಹೆದರಬೇಕಿಲ್ಲ. ಮೊದಲ ಎರಡು-ಮೂರು ವಾರ ವಾರಕ್ಕೊಮ್ಮೆ ಎಕ್ಸ್‌ರೇ ಬೇಕೇ ಬೇಕು.

ಹಡಪ್ಸರ್
ಧನ್ಯವಾದ ಸರ್. ತೊಡೆಸಂದಿಯಲ್ಲಿ ಬಿರುಕು ಬಿಡುತ್ತದೆ ಅಂತಾರಲ್ಲ, ಅಲ್ಲಿ ಮೇಲೆ ಫೈಬರ್ (ಫೈಬರ್‌ಗ್ಲಾಸ್ ಪ್ಲಾಸ್ಟರ್) ಸುತ್ತಿಬಿಡಬಹುದೇ?

ಪರೇಲ್
ಸುತ್ತಬಹುದು, ಆದರೆ ಕೆಳಗಿನ ಪಿಒಪಿ ಗಟ್ಟಿಯಾಗಿ ಪೂರ್ತಿ ತಣ್ಣಗಾದ ಮೇಲೆ. ಬಿಸಿಯಿರುವಾಗಲೇ ಫೈಬರ್ ಮುಚ್ಚಿದರೆ ಶಾಖ ಒಳಗೇ ಉಳಿದು ಮಗುವಿನ ಚರ್ಮ ಸುಡುತ್ತದೆ. ಹಾಗೆಯೇ ಹಸಿ ಪ್ಲಾಸ್ಟರನ್ನು ರೆಕ್ಸಿನ್ ದಿಂಬಿನ ಮೇಲೆ ಒರಗಿಸಬೇಡಿ.

ಬಿರುಕಿಗೆ ಮದ್ದು ಸ್ಲ್ಯಾಬ್, ಅಂದರೆ ಪದರ ಪದರವಾಗಿ ಮಡಚಿದ ಪ್ಲಾಸ್ಟರ್ ಪಟ್ಟಿ. ಮೊದಲ ಸುತ್ತು ಎಂಟರ ಆಕಾರದಲ್ಲಿ ಸೊಂಟ-ತೊಡೆ ದಾಟಿಸಿ ತೆಳ್ಳಗೆ ಹಾಕಿ. ಆಮೇಲೆ 4 ಇಂಚಿನ ಎಂಟು ಪದರದ ಸ್ಲ್ಯಾಬ್ ಮೂರು: ಒಂದು ತೊಡೆಸಂದಿಯ ಮುಂದೆ ಅಡ್ಡವಾಗಿ, ಒಂದು ಸೊಂಟದ ಹೊರಬದಿಯಿಂದ ತೊಡೆಗೆ, ಒಂದು ಹಿಂದೆ ಪಿರ್ರೆ ದಾಟಿ ತೊಡೆಗೆ. ಅದರ ಮೇಲೆ ಮತ್ತೆ ರೋಲ್. ಪ್ರತಿ ಪದರವನ್ನೂ ಅಂಗೈಯಿಂದ ಉಜ್ಜುತ್ತಿರಿ, ಹಾಲಿನಂಥ ಕೆನೆ ಮೇಲೇಳಬೇಕು. ಕೆಳಗಿನದು ಒಣಗಲು ಶುರುವಾದ ಮೇಲೆ ಮೇಲಿನದನ್ನು ಹಾಕಿದರೆ ಎರಡೂ ಬೆಸೆಯದೆ ಈರುಳ್ಳಿ ಸಿಪ್ಪೆಯಂತೆ ಬಿಡಿಸಿಕೊಳ್ಳುತ್ತವೆ. ಆದ್ದರಿಂದ ಒಬ್ಬರು ಮಗುವನ್ನು ಹಿಡಿಯಲು, ಒಬ್ಬರು ರೋಲ್ ನೆನೆಸಲು, ಒಬ್ಬರು ಸುತ್ತಲು, ಇಷ್ಟು ಜನ ಬೇಕೇ ಬೇಕು. ಬೆರಳ ತುದಿಯಿಂದ ಯಾರೂ ಹಿಡಿಯಬೇಡಿ, ಆ ಗುಳಿಯೇ ಒಳಗೆ ಹುಣ್ಣು ಮಾಡುತ್ತದೆ.

ಸ್ಟಾಫ್ ನರ್ಸ್, ವಾಸ್ಕೊ, ಗೋವಾ
ವಾರ್ಡಿನ ಮಾತು ನಾನು ಹೇಳತೀನಿ. ಕಾಲ್ಬೆರಳ ಬಣ್ಣ, ಬಿಸಿ, ಉಗುರೊತ್ತಿ ಬಿಟ್ಟರೆ ರಕ್ತ ಮರಳೋದು, ಇವನ್ನ ಮೊದಲ ದಿನ ಗಂಟೆ ಗಂಟೆಗೂ ನೋಡ್ರಿ. ಬೆರಳನ್ನ ಮೆಲ್ಲಗೆ ಮೇಲಕ್ಕೆ ಎತ್ತಿದಾಗ ಮಗು ಚೀರಿದರೆ, ಔಷಧಿ ಕೊಟ್ಟರೂ ನೋವು ಏರ್ತಾನೇ ಇದ್ದರೆ, ಡಾಕ್ಟರಿಗೆ ಹೇಳ್ರಿ. ಪ್ಲಾಸ್ಟರ್ ಸೀಳೋದಕ್ಕೆ ಬೆಳಗಾಗಲಿ ಅಂತ ಕಾಯೋ ಹಂಗಿಲ್ಲ.

ಹೊಟ್ಟೆ ಉಬ್ಬಿ ಪದೇ ಪದೇ ಹಸಿರು ವಾಂತಿ ಆದರೆ ಅಜೀರ್ಣ ಅಂತ ಬಿಡಬ್ಯಾಡ್ರಿ. ಡ್ಯುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಮುಂದಿನ ರಕ್ತನಾಳಕ್ಕೂ ಹಿಂದಿನ ಅಯೋರ್ಟಾ ಅನ್ನೋ ದೊಡ್ಡ ರಕ್ತನಾಳಕ್ಕೂ ನಡುವೆ ಸಿಕ್ಕಿ ಒತ್ತಿರಬಹುದು. ಬಾಯಿಂದ ಏನೂ ಕೊಡದೆ, ಮೂಗಿನ ನಳಿಕೆ ಹಾಕಿ, ಎಡಮಗ್ಗುಲಿಗೆ ಮಲಗಿಸಿ, ಹೊಟ್ಟೆ ಮೇಲೆ ಕಿಟಕಿ ಕತ್ತರಿಸಬೇಕು ಇಲ್ಲವೇ ಪ್ಲಾಸ್ಟರನ್ನೇ ತೆಗೆಯಬೇಕು.

ಇಲ್ಲಿಗೆ ಗದಗ, ಬಾಗಲಕೋಟೆ ಕಡೆಯಿಂದ ದುಡಿಯೋಕೆ ಬಂದ ಮಂದಿ ಬಹಳ. ಅವರಿಗೆ ಕನ್ನಡದಾಗೇ ಹೇಳಿದರೆ ಮನಸ್ಸಿಗೆ ಇಳೀತದ: "ಅವ್ವಾ, ನಡುವಿನ ಕೋಲು ಹಿಡದು ಮಗೂನ್ನ ಎತ್ತಬ್ಯಾಡ. ಸಣ್ಣ ಡೈಪರ್ ಪ್ಲಾಸ್ಟರಿನ ಅಂಚಿನೊಳಗ ಸೇರಿಸು, ದೊಡ್ಡದನ್ನ ಮ್ಯಾಲೆ ಕಟ್ಟು. ತುರಿಕೆ ಅಂತ ಕಡ್ಡಿ ತುರುಕಬ್ಯಾಡ." ಶೌಚದ ಜಾಗದ ಅಂಚಿಗೆ ನೀರು ಹಿಡಿಯದ ಟೇಪಿನ ತುಂಡುಗಳನ್ನ ಎಸಳೆಸಳಾಗಿ ಒಳಗಿಂದ ಹೊರಕ್ಕೆ ಮಡಚಿ ಅಂಟಿಸ್ರಿ. ಎರಡು-ಮೂರು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು.

ಪರೇಲ್
ಸಿಸ್ಟರ್ ಹೇಳಿದ ಮೇಲೆ ಸೇರಿಸುವುದು ಸ್ವಲ್ಪವೇ. ಪಿಒಪಿ ನಿಮಿಷಗಳಲ್ಲಿ ಗಟ್ಟಿಯಾದರೂ ಪೂರ್ತಿ ಒಣಗಲು ಎರಡು-ಮೂರು ದಿನ ಬೇಕು, ಜೂನ್‌ನಿಂದ ಸೆಪ್ಟೆಂಬರಿನ ಮಳೆಯಲ್ಲಿ ಇನ್ನೂ ಹೆಚ್ಚು. ಹೊದಿಸದೆ ಫ್ಯಾನ್ ಗಾಳಿಗೆ ಬಿಡಿ, ಹೇರ್ ಡ್ರೈಯರಿನ ಬಿಸಿಗಾಳಿ ಬೇಡ. ರೋಲುಗಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಡಿ; ಈ ತೇವಕ್ಕೆ ತೆರೆದಿಟ್ಟ ರೋಲ್ ಒಳಗೇ ಗಂಟುಕಟ್ಟಿ, ಹಾಕಿದ ಮೇಲೆ ಪುಡಿಪುಡಿಯಾಗುತ್ತದೆ. ಬಿಚ್ಚುವಾಗ ಕಟರನ್ನು ಒತ್ತಿ ಎತ್ತಿ, ಒತ್ತಿ ಎತ್ತಿ ಮುಂದೆ ಸಾಗಿಸಿ, ಗೆರೆ ಎಳೆದಂತೆ ಜಾರಿಸಬೇಡಿ. ಬ್ಲೇಡ್ ಬಿಸಿಯಾಯಿತೇ ಎಂದು ನಡುನಡುವೆ ಯಂತ್ರ ನಿಲ್ಲಿಸಿ ಮುಟ್ಟಿ ನೋಡಿ.