ಮೊದಲ ದೇಶದಲ್ಲೇ ಯಾಕೆ ನಿಲ್ಲಲ್ಲ? ನಿರಾಶ್ರಿತರ ಕಾನೂನಿನ ಬಗ್ಗೆ ವಕೀಲರಿಗೆ ಪ್ರಶ್ನೆ

ಪ್ರಶ್ನೆ: ಮೇಡಂ, ನಿರಾಶ್ರಿತರ ವಿಷಯ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಗಡಿ ದಾಟಿದರೆ ಅಪರಾಧ ತಾನೇ? ನಿಜವಾಗಿ ಜೀವಭಯ ಇದ್ದರೆ ಮೊದಲು ಸಿಕ್ಕ ದೇಶದಲ್ಲೇ ನಿಲ್ಲಬೇಕಲ್ವಾ? ಕಾನೂನು ಏನು ಹೇಳುತ್ತೆ?

ಉತ್ತರ: ಯಾವ ಸರ್ಕಾರಕ್ಕೆ ಹೆದರಿ ಓಡುತ್ತಿದ್ದಾರೋ ಅದೇ ಸರ್ಕಾರದ ಕಚೇರಿಯಲ್ಲಿ ಪಾಸ್‌ಪೋರ್ಟಿಗೆ ಕ್ಯೂ ನಿಲ್ಲೋಕೆ ಆಗುತ್ತಾ ಹೇಳಿ. 1951ರ ನಿರಾಶ್ರಿತರ ಒಪ್ಪಂದ ಬರೆದವರಿಗೆ ಇದು ಗೊತ್ತಿತ್ತು. ಅಪಾಯದ ಜಾಗದಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ, ಸರಿಯಾದ ಕಾರಣ ಕೊಟ್ಟರೆ, ಅಕ್ರಮವಾಗಿ ಒಳಬಂದದ್ದಕ್ಕೆ ಶಿಕ್ಷೆ ಕೊಡಬಾರದು ಅಂತ 31ನೇ ವಿಧಿಯಲ್ಲೇ ಇದೆ.

ಆ ‘ನೇರವಾಗಿ’ ಅನ್ನೋದನ್ನೇ ಹಿಡಿದು ಕೆಲವು ಸರ್ಕಾರಗಳು ವಾದ ಮಾಡುತ್ತವೆ. ಆದರೆ ಮೊದಲ ದೇಶದಲ್ಲೇ ಆಶ್ರಯಕ್ಕೆ ಅರ್ಜಿ ಹಾಕಬೇಕು ಅನ್ನೋ ನಿಯಮ ಒಪ್ಪಂದದಲ್ಲಿ ಎಲ್ಲೂ ಇಲ್ಲ. ಇನ್ನು, ಬಹಳಷ್ಟು ಜನ ಪಕ್ಕದ ದೇಶದಲ್ಲೇ ನಿಲ್ಲುತ್ತಾರೆ. ಜಗತ್ತಿನ ನಿರಾಶ್ರಿತರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಇರೋದು ನೆರೆಯ ದೇಶಗಳಲ್ಲಿ. ಸಿರಿಯಾ ಯುದ್ಧದ ಕಾಲದಲ್ಲಿ ಪುಟ್ಟ ಲೆಬನಾನಿನಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಸಿರಿಯಾದಿಂದ ಬಂದವರೇ ಆಗಿದ್ದರು. ಟಿವಿ ಚರ್ಚೆಗಳಲ್ಲಿ ಲೆಬನಾನಿನ ಹೆಸರೇ ಬರಲ್ಲ, ಅದು ನನಗೆ ಬೇಜಾರು.

ಪ್ರಶ್ನೆ: ಹಾಗಾದರೆ ಬಂದವರನ್ನೆಲ್ಲ ಇಟ್ಟುಕೊಳ್ಳಬೇಕಾ ಮೇಡಂ?

ಉತ್ತರ: ಇಲ್ಲ. ಯುದ್ಧಾಪರಾಧ ಮಾಡಿದವರಿಗೆ ಒಪ್ಪಂದದ ರಕ್ಷಣೆಯೇ ಇಲ್ಲ. ಸರಿಯಾಗಿ ವಿಚಾರಣೆ ನಡೆಸಿ, ಅರ್ಜಿ ತಿರಸ್ಕೃತವಾಗಿ, ವಾಪಸ್ ಹೋದರೆ ಅಪಾಯವಿಲ್ಲ ಅಂತ ಖಾತ್ರಿಯಾದರೆ ಕಳಿಸಬಹುದು. ಕೇಳದೆ ಕಳಿಸಬಾರದು, ಅಷ್ಟೇ. ಜೀವಕ್ಕೋ ಸ್ವಾತಂತ್ರ್ಯಕ್ಕೋ ಕುತ್ತು ಬರುವ ಕಡೆ ನಿರಾಶ್ರಿತರನ್ನು ತಳ್ಳಬಾರದು ಅಂತ 33ನೇ ವಿಧಿ ಹೇಳುತ್ತೆ. 1939ರಲ್ಲಿ ಸೇಂಟ್ ಲೂಯಿಸ್ ಹಡಗಿನಲ್ಲಿ ಜರ್ಮನಿಯಿಂದ ಹೊರಟ 900ಕ್ಕೂ ಹೆಚ್ಚು ಯಹೂದಿಗಳಲ್ಲಿ ಹೆಚ್ಚಿನವರನ್ನು ಕ್ಯೂಬಾ ಇಳಿಸಿಕೊಳ್ಳಲಿಲ್ಲ, ಅಮೆರಿಕ, ಕೆನಡಾಗಳೂ ಬಾಗಿಲು ತೆರೆಯಲಿಲ್ಲ. ಹಡಗು ಯುರೋಪಿಗೆ ಮರಳಿತು. ಅವರಲ್ಲಿ 254 ಮಂದಿ ಆಮೇಲೆ ನಾಜಿಗಳ ನರಮೇಧದಲ್ಲಿ ಸತ್ತರು.

ಬೇರೆ ದೇಶಕ್ಕೆ ಸಾಗಿಸಿ ಕೈತೊಳೆದುಕೊಳ್ಳೋಕೂ ಆಗಲ್ಲ. ಆಶ್ರಯ ಕೇಳಿ ಬಂದವರನ್ನು ಆಫ್ರಿಕಾದ ರುವಾಂಡಾಗೆ ಕಳಿಸುವ ಬ್ರಿಟನ್ನಿನ ಯೋಜನೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರ ನವೆಂಬರಿನಲ್ಲಿ ಕಾನೂನುಬಾಹಿರ ಅಂದದ್ದು ಇದೇ ಕಾರಣಕ್ಕೆ: ರುವಾಂಡಾದಿಂದ ಅವರನ್ನು ಮತ್ತೆ ಅಪಾಯದ ಕಡೆ ಕಳಿಸುವ ಸಂಭವವಿತ್ತು.

ಪ್ರಶ್ನೆ: ತಿರಸ್ಕೃತ ಅರ್ಜಿ ಅಂದರೆ ಸುಳ್ಳು ಹೇಳಿದ್ದಾರೆ ಅಂತ ಅಲ್ವಾ?

ಉತ್ತರ: ಅಲ್ಲ. ಒಪ್ಪಂದದ ಪ್ರಕಾರ ನಿರಾಶ್ರಿತರು ಅನ್ನಿಸಿಕೊಳ್ಳಬೇಕಾದರೆ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ಈ ಐದರಲ್ಲಿ ಒಂದರ ಕಾರಣಕ್ಕೆ ಕಿರುಕುಳದ ಭಯ ಇರಬೇಕು. ಬರಗಾಲದಿಂದ ಓಡಿಬಂದವರು ಅಕ್ಷರಶಃ ನಿಜ ಹೇಳಿದರೂ ಸಾಮಾನ್ಯವಾಗಿ ಈ ವ್ಯಾಖ್ಯೆಯೊಳಗೆ ಬರಲ್ಲ.

ಸಂದರ್ಶನದ ಕೋಣೆಯಲ್ಲಿ ಎಡವುವವರೂ ಇದ್ದಾರೆ. ಬಂಧಿಸಿದ್ದು ಯಾವ ತಾರೀಖು ಅಂತ ಅಧಿಕಾರಿ ಕೇಳುತ್ತಾರೆ. ಊರಲ್ಲಿ ಬೇರೆ ಪಂಚಾಂಗ ಬಳಸುತ್ತಿದ್ದವರು ಮನಸ್ಸಲ್ಲೇ ಲೆಕ್ಕ ಹಾಕಿ ಒಂದು ತಿಂಗಳು ಹೇಳುತ್ತಾರೆ, ಮುಂದಿನ ವಿಚಾರಣೆಯಲ್ಲಿ ಇನ್ನೊಂದು. ‘ಹೇಳಿಕೆಯಲ್ಲಿ ವ್ಯತ್ಯಾಸ’ ಅಂತ ಫೈಲಿಗೆ ಸೇರುತ್ತೆ. ಅತ್ಯಾಚಾರಕ್ಕೆ ಒಳಗಾದ ಹೆಂಗಸು ತನ್ನದೇ ಸಮುದಾಯದ ಗಂಡಸು ದುಭಾಷಿಯಾಗಿ ಕೂತಿದ್ದರೆ ಬಾಯಿ ಬಿಡಲ್ಲ. ಆಮೇಲೆ ಹೇಳಿದರೆ ‘ಮೊದಲೇ ಯಾಕೆ ಹೇಳಲಿಲ್ಲ’ ಅನ್ನುತ್ತಾರೆ. ಅದಕ್ಕೇ ವಕೀಲರು ಸಂದರ್ಶನಕ್ಕೆ ಮುಂಚೆಯೇ ಸಿಗಬೇಕು, ಹೆಂಗಸರು ಕೇಳಿದರೆ ಹೆಂಗಸು ದುಭಾಷಿಯನ್ನೇ ಕೊಡಬೇಕು.