ಲ್ಯಾಕ್ಟೋಬ್ಯಾಸಿಲಸ್, ಕ್ಲೋರೆಲ್ಲಾ ಎರಡೂ ಹಾಕಿದರೂ ತಿಲಾಪಿಯಾ ತೂಕದಲ್ಲಿ ವ್ಯತ್ಯಾಸವೇ ಇಲ್ಲ

ತೊಟ್ಟಿಮೀನು:
ಸಿಮೆಂಟ್ ತೊಟ್ಟಿಯಲ್ಲಿ ತಿಲಾಪಿಯಾ ಸಾಕುತ್ತಿದ್ದೇನೆ. ಫೀಡ್ ನಾನೇ ಮಾಡುವುದು. ಸೋಯಾ ಹಿಂಡಿ, ತೌಡು, ಮೀನಿನ ಪುಡಿ, ಜೋಳದ ಹಿಟ್ಟಿಗೆ ಲ್ಯಾಕ್ಟೋಬ್ಯಾಸಿಲಸ್ (ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾ) ಪುಡಿ ಮತ್ತು ಶೇ. 15 ಕ್ಲೋರೆಲ್ಲಾ ಪಾಚಿ ಪುಡಿ ಸೇರಿಸಿ ಕಲಸಿ, ಹಬೆಯಲ್ಲಿ ಬೇಯಿಸಿ, ಪೆಲೆಟ್ ಒತ್ತಿ ಬಿಸಿಲಲ್ಲಿ ಒಣಗಿಸುತ್ತೇನೆ. ಪಕ್ಕದ ತೊಟ್ಟಿಗೆ ಇವೆರಡೂ ಇಲ್ಲದ ಫೀಡ್. ಎರಡೂ ಕಡೆ ಮೀನಿನ ತೂಕ ಒಂದೇ. ಫೀಡ್ ಎರಚಿದ ಕೂಡಲೇ ನೀರಿಗೆ ಹಸಿರು ಬಣ್ಣ ಬಿಡುತ್ತದೆ. ಡೋಸ್ ಹೆಚ್ಚಿಸಲೇ?

ಹಳೇ_ಏರೇಟರ್:
ಡೋಸ್ ಹೆಚ್ಚಿಸಿ ಪ್ರಯೋಜನವಿಲ್ಲ. ಲ್ಯಾಕ್ಟೋಬ್ಯಾಸಿಲಸ್ ಸ್ಪೋರ್ (ಬಿಸಿ ತಡೆಯುವ ಗಟ್ಟಿ ಬೀಜದಂಥ ರೂಪ) ಕಟ್ಟುವ ಜಾತಿಯಲ್ಲ, ಹಬೆಯಲ್ಲೇ ಸಾಯುತ್ತದೆ. ನಿಮ್ಮ ಮೀನು ತಿನ್ನುತ್ತಿರುವುದು ಸತ್ತ ಪುಡಿ. ಬ್ಯಾಸಿಲಸ್ ಸಬ್ಟಿಲಿಸ್, ಲೈಕೆನಿಫಾರ್ಮಿಸ್ ಸ್ಪೋರ್ ಕಟ್ಟುತ್ತವೆ, ಬಿಸಿ ತಡೆಯುತ್ತವೆ. ಆದರೂ ಯಾವುದನ್ನೇ ಆಗಲಿ ಪೆಲೆಟ್ ಒಣಗಿ ತಣ್ಣಗಾದ ಮೇಲೆ ಹಚ್ಚುವುದೇ ಒಳ್ಳೆಯದು. ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ ಸಿಂಪಡಿಸಿ, ಮೇಲೆ ಕಿಲೋಗೆ ಸುಮಾರು 20 ಮಿ.ಲೀ. ಎಣ್ಣೆ ಸವರಿ, ನೆರಳಲ್ಲಿ ಆರಿಸಿ, ಅವತ್ತೇ ಹಾಕಿ ಮುಗಿಸಿ. ಕ್ಲೋರಿನ್ ಇರುವ ನಲ್ಲಿ ನೀರು ಬೇಡ.

ಪ್ಯಾಕೆಟ್ ಮೇಲಿನ ಸಿಎಫ್‌ಯು, ಅಂದರೆ ಜೀವಂತ ಬ್ಯಾಕ್ಟೀರಿಯಾಗಳ ಎಣಿಕೆ, ನೋಡಿ. ಸಾಮಾನ್ಯವಾಗಿ ಒಂದು ಗ್ರಾಂ ಫೀಡ್‌ಗೆ 10 ಲಕ್ಷದಿಂದ 10 ಕೋಟಿ ಜೀವಂತ ಕಣ ಇರಬೇಕು ಅನ್ನುತ್ತಾರೆ. ಪುಡಿಯಲ್ಲಿ ಗ್ರಾಂಗೆ 100 ಕೋಟಿ ಇದ್ದರೆ, ಕಿಲೋ ಫೀಡ್‌ಗೆ 5 ಗ್ರಾಂ ಹಾಕಿದಾಗ ಗ್ರಾಂಗೆ 50 ಲಕ್ಷ ಸಿಗುತ್ತದೆ. ಸಿಎಫ್‌ಯು ಬರೆಯದ ಪ್ಯಾಕೆಟ್ಟನ್ನು ನಾನಂತೂ ಕೊಳ್ಳುವುದಿಲ್ಲ.

ಪಾಚಿಪ್ರಿಯ:
ಕ್ಲೋರೆಲ್ಲಾ ವಿಷಯ ಬೇರೆ. ಅದರ ಕೋಶದ ಗೋಡೆ ಗಟ್ಟಿ. ಒಡೆದ ಪುಡಿಯಲ್ಲದಿದ್ದರೆ ಬಹುಪಾಲು ಜೀರ್ಣವಾಗದೆ ಹೊರಬರುತ್ತದೆ. ಸ್ಪಿರುಲಿನಾಕ್ಕೆ ಸೆಲ್ಯುಲೋಸ್ ಗೋಡೆ ಇಲ್ಲ, ಸುಲಭವಾಗಿ ಅರಗುತ್ತದೆ, ಒಣ ತೂಕದ ಅರ್ಧಕ್ಕಿಂತ ಹೆಚ್ಚು ಪ್ರೋಟೀನೇ. (ಅದು ನಿಜವಾಗಿ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ, ವ್ಯಾಪಾರದಲ್ಲಿ ಎಲ್ಲರೂ ಪಾಚಿ ಅಂತಲೇ ಮಾರುತ್ತಾರೆ.) ಸ್ಪಿರುಲಿನಾ ಶೇ. 5ರಿಂದ ಶುರುಮಾಡಿ.

ಬಣ್ಣ ಬಿಡುವುದು ಪೆಲೆಟ್ ಸಡಿಲ ಅನ್ನುವುದಕ್ಕೆ ಗುರುತು. ಲೋಟದ ನೀರಿಗೆ ನಾಲ್ಕು ಪೆಲೆಟ್ ಹಾಕಿ ಹತ್ತು ನಿಮಿಷ ಬಿಡಿ. ಕರಗಿದರೆ ಹಿಟ್ಟನ್ನು ಇನ್ನೂ ನುಣ್ಣಗೆ ಬೀಸಿ, ಜೋಳದ ಹಿಟ್ಟು ಚೆನ್ನಾಗಿ ಬೇಯಲಿ. ಬಿಸಿಲಲ್ಲಿ ಒಣಗಿಸುವುದು ನಿಲ್ಲಿಸಿ, ಪಾಚಿಯ ಕೆರೋಟಿನಾಯ್ಡ್ (ಬಣ್ಣದ ಅಂಶ) ಹಾಳಾಗುತ್ತದೆ.

ಇನ್ನೊಂದು ಮಾತು: ತಿಲಾಪಿಯಾ ಹಸಿರು ನೀರಿನ ಪಾಚಿಯನ್ನು ತಾನೇ ಸೋಸಿ ತಿನ್ನುವ ಮೀನು. ನಿಮ್ಮ ತೊಟ್ಟಿ ಹಸಿರಾಗಿದ್ದರೆ ಪಾಚಿ ಪುಡಿಗೆ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಸ್ಕಿಜೋಕೈಟ್ರಿಯಂನಂಥ ಡಿಎಚ್‌ಎ (ಒಂದು ಒಮೆಗಾ-3 ಕೊಬ್ಬು) ಪುಡಿಗಳು ಸಮುದ್ರ ಮೀನಿನವರಿಗೆ ಬಿಟ್ಟದ್ದು.

ತೊಟ್ಟಿಮೀನು:
ರೆಕ್ಕೆ ಕೊಳೆತಕ್ಕೆ ಆಕ್ಸಿಟೆಟ್ರಾಸೈಕ್ಲಿನ್ (ಆ್ಯಂಟಿಬಯೋಟಿಕ್) ಫೀಡ್ ನಡೆಯುತ್ತಿದೆ. ಅದರ ಜೊತೆಗೇ ಬ್ಯಾಕ್ಟೀರಿಯಾ ಪುಡಿ ಕೊಡಬಹುದೇ? ಮಿಕ್ಕ ಪುಡಿ ನೀರಿಗೆ ಹಾಕಲೇ?

ಹಳೇ_ಏರೇಟರ್:
ಜೊತೆಗೆ ಬೇಡ, ರೋಗದ ಬ್ಯಾಕ್ಟೀರಿಯಾ, ಒಳ್ಳೆಯ ಬ್ಯಾಕ್ಟೀರಿಯಾ ಅಂತ ಔಷಧ ಭೇದ ಮಾಡುವುದಿಲ್ಲ, ಎರಡನ್ನೂ ಕೊಲ್ಲುತ್ತದೆ. ಕೋರ್ಸ್ ಮುಗಿದ ಮೇಲೆ ಶುರುಮಾಡಿ, ಆಗಲೇ ಕರುಳಿಗೆ ಹೆಚ್ಚು ಉಪಯೋಗ. ನೀರಿಗೆ ಈ ಪುಡಿ ಸುರಿಯಬೇಡಿ. ಮುಂದೆ ನೀರಿಗೆಂದೇ ಬರುವ ಬ್ಯಾಸಿಲಸ್ ತಂದರೆ ಏರೇಟರ್ ಓಡುತ್ತಿರಲಿ, ಅದು ಕೊಳೆ ತಿನ್ನುವಾಗ ಆಮ್ಲಜನಕವನ್ನೂ ಎಳೆಯುತ್ತದೆ. ಅಂದಹಾಗೆ ನೀರಿನಲ್ಲಿ ಅಮೋನಿಯಾ ಎಷ್ಟಿದೆ, ಅಳೆದಿದ್ದೀರಾ? ಅದು ಏರಿದ್ದರೆ ಯಾವ ಪುಡಿಯೂ ತೂಕ ತರುವುದಿಲ್ಲ.