ತಿದ್ದುಪಡಿಯಾದ ಅಗ್ನಿಸುರಕ್ಷತಾ ನಿಯಮಗಳು: ತಪಾಸಣೆಗೆ ಹೋಗುವ ಅಧಿಕಾರಿಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ (ಹೊಸದಾಗಿ ನೇಮಕವಾದ ಅಗ್ನಿಶಾಮಕ ಠಾಣಾಧಿಕಾರಿ): ನಮಸ್ಕಾರ ಸರ್. ಕಟ್ಟಡಗಳ ಅಗ್ನಿಸುರಕ್ಷತಾ ನಿಯಮಗಳ ತಿದ್ದುಪಡಿಯಾದ ಪ್ರತಿ ಕಳೆದ ತಿಂಗಳು ನಮ್ಮ ಠಾಣೆಗೆ ಬಂದಿದೆ. ಅದನ್ನು ಹಿಡಿದು ತಪಾಸಣೆಗೆ ಹೋದರೆ ಮಾಲೀಕರು ಹಳೆಯ ಅನುಮತಿ ಪತ್ರವನ್ನು ಮುಂದಿಟ್ಟು, ತಮ್ಮ ಕಟ್ಟಡಕ್ಕೆ ಆಗಲೇ ಒಪ್ಪಿಗೆ ಸಿಕ್ಕಿರುವುದರಿಂದ ಹೊಸ ನಿಯಮ ತಮಗೆ ಅನ್ವಯಿಸುವುದಿಲ್ಲ ಎಂದು ವಾದಿಸುತ್ತಾರೆ. ಇದಕ್ಕೆ ಏನೆಂದು ಉತ್ತರಿಸಬೇಕು?

ಉತ್ತರ: ಅವರ ವಾದದಲ್ಲಿ ಅರ್ಧದಷ್ಟು ನಿಜವಿದೆ. ಆ ಅರ್ಧ ಯಾವುದೆಂಬುದು ಅವರಿಗಿಂತ ಚೆನ್ನಾಗಿ ನಿಮಗೆ ತಿಳಿದಿರಬೇಕು. ನಿಯಮ ಪುಸ್ತಕದಲ್ಲಿ ಎರಡು ಬಗೆಯ ಅಂಶಗಳಿರುತ್ತವೆ. ಮೆಟ್ಟಿಲಿನ ಅಗಲ, ಗೋಡೆ ಬೆಂಕಿಯನ್ನು ಎಷ್ಟು ಗಂಟೆ ತಡೆಯಬೇಕು, ನಿರ್ಗಮನ ದ್ವಾರಗಳು ಎಷ್ಟಿರಬೇಕು ಎಂಬಂಥವು ಕಟ್ಟುವ ಕಾಲಕ್ಕೆ ಸಂಬಂಧಿಸಿದವು. ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಹೇಳದ ಹೊರತು ಇವು ಸಾಮಾನ್ಯವಾಗಿ ಹಳೆಯ ಕಟ್ಟಡಗಳಿಗೆ ಹಿಂದಿನಿಂದ ಅನ್ವಯವಾಗುವುದಿಲ್ಲ. ಆದರೆ ಬಾಗಿಲಿಗೆ ಬೀಗ ಹಾಕಬಾರದು, ಮೆಟ್ಟಿಲ ಮೇಲೆ ಸಾಮಾನು ಇಡಬಾರದು, ಎಚ್ಚರಿಕೆ ಗಂಟೆ ಕೆಲಸ ಮಾಡುತ್ತಿರಬೇಕು ಎಂಬಂಥವು ಕಟ್ಟಡವನ್ನು ಬಳಸುವ ರೀತಿಗೆ ಸಂಬಂಧಿಸಿದವು. ಇವುಗಳ ವಿಷಯದಲ್ಲಿ ಹಳೆಯ ಅನುಮತಿ ಪತ್ರ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ, ಏಕೆಂದರೆ ಬಾಗಿಲಿಗೆ ಸರಪಳಿ ಹಾಕಲು ಯಾರೂ ಎಂದೂ ಅನುಮತಿ ಕೊಟ್ಟಿರುವುದಿಲ್ಲ.

ಹಳೆಯ ಕಟ್ಟಡಕ್ಕೆ ಹೊಸ ನಿಯಮ ತಾಗುವುದೇ ಇಲ್ಲ ಎಂದೂ ಹೇಳಲಾಗದು. 2003ರ ಫೆಬ್ರುವರಿ 20ರಂದು ಅಮೆರಿಕದ ರೋಡ್ ಐಲೆಂಡ್‌ನ ವೆಸ್ಟ್ ವಾರ್ವಿಕ್‌ನಲ್ಲಿ ಸ್ಟೇಷನ್ ನೈಟ್‌ಕ್ಲಬ್‌ಗೆ ಬೆಂಕಿ ಬಿದ್ದಾಗ, ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಗೆ ಅಂಟಿಸಿದ್ದ ಫೋಮ್‌ಗೆ ತಗುಲಿ 100 ಮಂದಿ ಸತ್ತರು. ಆ ಬಳಿಕ ಅಗ್ನಿಸುರಕ್ಷತಾ ಮಾನದಂಡಗಳನ್ನು ರೂಪಿಸುವ ಅಮೆರಿಕದ ಎನ್‌ಎಫ್‌ಪಿಎ ಸಂಸ್ಥೆಯು ತನ್ನ ಜೀವರಕ್ಷಣಾ ಸಂಹಿತೆಯನ್ನು ತಿದ್ದಿ, ಹೊಸ ನೈಟ್‌ಕ್ಲಬ್‌ಗಳಿಗೆ ಮಾತ್ರವಲ್ಲದೆ 100ಕ್ಕಿಂತ ಹೆಚ್ಚು ಜನ ಸೇರುವ ಹಳೆಯವುಗಳಿಗೂ ಸ್ಪ್ರಿಂಕ್ಲರ್ (ಬೆಂಕಿಯ ಬಿಸಿಗೆ ತಾನಾಗಿ ನೀರು ಚಿಮ್ಮುವ ವ್ಯವಸ್ಥೆ) ಬೇಕೆಂದು ಬರೆಯಿತು. ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡದಲ್ಲಿ 2017ರ ಜೂನ್ 14ರಂದು ಬೆಂಕಿ ಬಿದ್ದು 72 ಮಂದಿಯ ಪ್ರಾಣ ಹೋದ ಮೇಲೆ ಇಂಗ್ಲೆಂಡಿನಲ್ಲಿ ಬಂದ 2022ರ ಅಗ್ನಿಸುರಕ್ಷತಾ ವಿಧಿಗಳು 2023ರ ಜನವರಿ 23ರಿಂದ ಜಾರಿಯಾದವು. 11 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳಲ್ಲಿ ಎಲ್ಲರೂ ಬಳಸುವ ಜಾಗದ ಅಗ್ನಿನಿರೋಧಕ ಬಾಗಿಲುಗಳನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂಬ ಅಂಶ ಅದರಲ್ಲಿದೆ, ಅದಕ್ಕೆ ಕಟ್ಟಡ ಹೊಸದೋ ಹಳೆಯದೋ ಎಂಬ ಭೇದವಿಲ್ಲ.

ಆದ್ದರಿಂದ ತಿದ್ದುಪಡಿಯ ಪ್ರತಿ ಕೈಗೆ ಬಂದೊಡನೆ ಮೊದಲು ನೋಡಬೇಕಾದದ್ದು ಅದರ ತಾಂತ್ರಿಕ ಕೋಷ್ಟಕಗಳನ್ನಲ್ಲ, ಅನ್ವಯದ ಅಧ್ಯಾಯವನ್ನು. ಅದು ಯಾವ ದಿನದಿಂದ ಜಾರಿ, ಯಾವ ಬಗೆಯ ಕಟ್ಟಡಗಳಿಗೆ, ಈಗಿರುವ ಕಟ್ಟಡಗಳಿಗೆ ಕಾಲಾವಕಾಶ ಉಂಟೆ, ಉಂಟಾದರೆ ಎಲ್ಲಿಯವರೆಗೆ, ಇಷ್ಟನ್ನು ಗುರುತು ಹಾಕಿಕೊಂಡು ಹೊರಟರೆ ಮಾಲೀಕರೊಡನೆ ವಾದ ಅರ್ಧಕ್ಕೆ ಇಳಿಯುತ್ತದೆ. ಇನ್ನೊಂದು ಮಾತು: ಹೊಸ ಪುಸ್ತಕ ಬಂತೆಂದು ಹಳೆಯದನ್ನು ರದ್ದಿಗೆ ಹಾಕಬೇಡಿ. ಇಪ್ಪತ್ತು ವರ್ಷದ ಹಿಂದಿನ ಕಟ್ಟಡ ಯಾವ ಆವೃತ್ತಿಯ ಪ್ರಕಾರ ಒಪ್ಪಿಗೆ ಪಡೆದಿತ್ತೋ ಆ ಆವೃತ್ತಿ ನಿಮ್ಮಲ್ಲಿ ಇಲ್ಲದಿದ್ದರೆ, ಅದು ಅಂದಿನ ನಿಯಮವನ್ನಾದರೂ ಪಾಲಿಸಿದೆಯೇ ಎಂದು ಹೇಳಲು ನಿಮಗೆ ದಾರಿಯೇ ಇರುವುದಿಲ್ಲ.

ಮರುಪ್ರಶ್ನೆ (ಅದೇ ಅಧಿಕಾರಿ): ಗೋದಾಮೆಂದು ಅನುಮತಿ ಪಡೆದ ಕಟ್ಟಡದಲ್ಲಿ ಈಗ ತರಬೇತಿ ಕೇಂದ್ರ ನಡೆಯುತ್ತಿದ್ದರೆ?

ಉತ್ತರ: ಉಪಯೋಗ ಬದಲಾದ ದಿನವೇ ಹಳೆಯ ಒಪ್ಪಿಗೆಯ ಬಲ ಹೋಯಿತೆಂದು ತಿಳಿಯಿರಿ. ಬಹುತೇಕ ಎಲ್ಲ ಸಂಹಿತೆಗಳೂ ಇಂಥ ಕಟ್ಟಡವನ್ನು ಹೊಸ ಉಪಯೋಗಕ್ಕೆ ತಕ್ಕ ನಿಯಮಗಳಡಿ ಮತ್ತೆ ಪರಿಶೀಲಿಸಬೇಕೆನ್ನುತ್ತವೆ. ಮೂಟೆಗಳ ನಡುವೆ ನಾಲ್ಕು ಜನ ಓಡಾಡುತ್ತಿದ್ದ ಜಾಗದಲ್ಲಿ ಈಗ ಇನ್ನೂರು ಜನ ಕುಳಿತಿರುತ್ತಾರೆ. ಬಾಗಿಲು ಮಾತ್ರ ಅಂದಿನದೇ. ತಪಾಸಣೆಯಲ್ಲಿ ನಾನು ಮೊದಲು ಕೇಳುತ್ತಿದ್ದುದು ‘ಇಲ್ಲಿ ದಿನವೂ ಏನು ನಡೆಯುತ್ತದೆ’ ಎಂಬ ಪ್ರಶ್ನೆಯನ್ನೇ, ಕಾಗದಪತ್ರ ಆಮೇಲೆ.

ಪ್ರಶ್ನೆ (ತಪಾಸಣಾ ಸಿಬ್ಬಂದಿ): ನನ್ನ ವರದಿಗಳು ಮೇಲಿನ ಕಚೇರಿಯಿಂದ ‘ಅಪೂರ್ಣ’ ಎಂಬ ಷರಾದೊಂದಿಗೆ ಮರಳಿ ಬರುತ್ತಿವೆ. ನಮೂನೆಯ ಎಲ್ಲ ಅಂಕಣಗಳನ್ನೂ ತುಂಬಿರುತ್ತೇನೆ. ಕೊರತೆ ಎಲ್ಲಿದೆ ಎಂದು ತಿಳಿಯುತ್ತಿಲ್ಲ. ಒಂದು ವಾಕ್ಯವನ್ನು ಮಾದರಿಗೆಂದು ಕೊಡುತ್ತಿದ್ದೇನೆ: ‘ಎರಡನೆಯ ಮಹಡಿಯಲ್ಲಿ ನಿರ್ಗಮನ ವ್ಯವಸ್ಥೆ ಸಮರ್ಪಕವಾಗಿರುವುದಿಲ್ಲ, ಸರಿಪಡಿಸಲು ಸೂಚಿಸಲಾಗಿದೆ.’

ಉತ್ತರ: ಕೊರತೆ ಈ ವಾಕ್ಯದಲ್ಲೇ ಇದೆ. ‘ಸಮರ್ಪಕವಾಗಿಲ್ಲ’ ಎಂಬುದು ನೀವು ಮುಟ್ಟಿದ ತೀರ್ಮಾನ. ಕಂಡದ್ದೇನು ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಮೇಲಧಿಕಾರಿ ಆ ಕಟ್ಟಡವನ್ನು ನೋಡಿರುವುದಿಲ್ಲ, ನಾಳೆ ಪ್ರಕರಣ ನ್ಯಾಯಾಲಯಕ್ಕೆ ಹೋದರೆ ನ್ಯಾಯಾಧೀಶರೂ ನೋಡಿರುವುದಿಲ್ಲ, ಮಾಲೀಕನಂತೂ ಎಲ್ಲವೂ ಸರಿಯಿತ್ತೆಂದೇ ಹೇಳುತ್ತಾನೆ. ಅದನ್ನು ಹೀಗೆ ಬರೆದು ನೋಡಿ: ‘ಎರಡನೆಯ ಮಹಡಿಯ ಪೂರ್ವದಿಕ್ಕಿನ ಮೆಟ್ಟಿಲ ಬಾಗಿಲಿಗೆ ಒಳಗಿನಿಂದ ಸರಪಳಿ ಸುತ್ತಿ ಬೀಗ ಹಾಕಲಾಗಿತ್ತು. ಕೀಲಿ ನೆಲಮಹಡಿಯ ಕಾವಲುಗಾರನ ಬಳಿ ಇತ್ತು. ಕೇಳಿದ ಬಳಿಕ ಅದನ್ನು ತಂದು ಬಾಗಿಲು ತೆರೆಯಲು 4 ನಿಮಿಷ ಹಿಡಿಯಿತು. ಆ ಹೊತ್ತಿನಲ್ಲಿ ಮಹಡಿಯಲ್ಲಿ 63 ಮಂದಿ ಇದ್ದರು.’ ಇದರ ಕೆಳಗೆ ಉಲ್ಲಂಘನೆಯಾದ ನಿಯಮದ ಸಂಖ್ಯೆ ಮತ್ತು ಆವೃತ್ತಿಯ ವರ್ಷ, ಮಾಡಬೇಕಾದ ಕೆಲಸ, ಗಡುವಿನ ದಿನಾಂಕ, ಮರುತಪಾಸಣೆಯ ದಿನಾಂಕ. ಮೊದಲ ವಾಕ್ಯಕ್ಕೆ ಯಾರು ಬೇಕಾದರೂ ತಕರಾರು ತೆಗೆಯಬಹುದು. ಎರಡನೆಯದಕ್ಕೆ ತೆಗೆಯುವುದು ಕಷ್ಟ.

ನಿಮ್ಮ ಉದಾಹರಣೆಯಲ್ಲಿ ನನ್ನನ್ನು ಕಾಡಿದ್ದು ‘ಸೂಚಿಸಲಾಗಿದೆ’ ಎಂಬ ಪದ. ಎಲ್ಲ ಲೋಪಕ್ಕೂ ಮೂವತ್ತು ದಿನದ ನೋಟಿಸ್ ಕೊಡುವ ರೂಢಿ ಅನೇಕ ಠಾಣೆಗಳಲ್ಲಿ ಬೆಳೆದಿದೆ. ಸ್ಪ್ರಿಂಕ್ಲರ್ ಕೊಳವೆ ಹೊಸದಾಗಿ ಎಳೆಯಲು ಮೂವತ್ತು ದಿನವೂ ಸಾಲದು, ಆದರೆ ಸರಪಳಿ ಬಿಚ್ಚಲು ಮೂವತ್ತು ದಿನವೇಕೆ? ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 1911ರ ಮಾರ್ಚ್ 25ರಂದು 146 ಮಂದಿ ಸತ್ತಾಗ, ಒಂಬತ್ತನೆಯ ಮಹಡಿಯ ಒಂದು ಮೆಟ್ಟಿಲಿನ ಬಾಗಿಲಿಗೆ ಬೀಗ ಬಿದ್ದಿತ್ತು. ಜನರಿರುವಾಗ ಹಾಕಿದ ಬೀಗವನ್ನು ನೀವು ಅಲ್ಲಿರುವಾಗಲೇ ತೆಗೆಸಿ, ‘ಸ್ಥಳದಲ್ಲೇ ತೆಗೆಸಲಾಯಿತು’ ಎಂದು ಸಮಯದೊಂದಿಗೆ ದಾಖಲಿಸಿ, ನಂತರವೇ ಹೊರಬನ್ನಿ. ಒಂದು ವಾರದೊಳಗೆ ಯಾರಿಗೂ ತಿಳಿಸದೆ ಮತ್ತೊಮ್ಮೆ ಹೋಗಿ ನೋಡಿದರೆ ಒಳ್ಳೆಯದು. ನನ್ನ ಅನುಭವದಲ್ಲಿ ಸರಪಳಿ ಕೈಗೆ ಸಿಗುವ ಜಾಗದಲ್ಲೇ, ಬಾಗಿಲಿನ ಹಿಂದಿನ ಮೊಳೆಗೇ ನೇತಾಡುತ್ತಿರುತ್ತದೆ.

ಪ್ರಶ್ನೆ: ಮಾಲೀಕರು ಒಳಗೆ ಬಿಡಲು ಒಪ್ಪದಿದ್ದರೆ ಬಲವಂತವಾಗಿ ಹೋಗಬಹುದೆ?

ಉತ್ತರ: ಬೆಂಕಿ ಬಿದ್ದಿದ್ದರೆ ಅಥವಾ ಪ್ರಾಣಾಪಾಯ ಕಣ್ಣೆದುರಿಗಿದ್ದರೆ ಹೋಗಬಹುದು, ಸಾಮಾನ್ಯ ತಪಾಸಣೆಗೆ ಹೋಗಬೇಡಿ. ಸಿಯಾಟಲ್ ನಗರದಲ್ಲಿ ಬೀಗ ಹಾಕಿದ ಗೋದಾಮಿನ ಅಗ್ನಿ ತಪಾಸಣೆಗೆ ಒಪ್ಪದ ವ್ಯಕ್ತಿಗೆ ಆಗಿದ್ದ ಶಿಕ್ಷೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲಿ ರದ್ದುಮಾಡಿ, ಸಮ್ಮತಿಯಿಲ್ಲದ ತಪಾಸಣೆಗೆ ವಾರಂಟ್ ಬೇಕೆಂದಿತು. ಪ್ರತಿ ದೇಶದ ಕಾನೂನು ಇಲ್ಲಿ ಬೇರೆಯಾಗಿರುತ್ತದೆ, ನಿಮ್ಮ ಕಾಯ್ದೆಯ ಪ್ರವೇಶಾಧಿಕಾರದ ಕಲಮನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಗುರುತಿನ ಚೀಟಿ ತೋರಿಸಿ, ನಿರಾಕರಿಸಿದವರ ಹೆಸರು, ಹುದ್ದೆ, ಸಮಯ ಬರೆದುಕೊಂಡು, ಸದ್ದಿಲ್ಲದೆ ಹಿಂದಿರುಗಿ ಆದೇಶ ಪಡೆಯಿರಿ.

ಪ್ರಶ್ನೆ (ಕಟ್ಟಡ ನಿರ್ವಹಣಾಧಿಕಾರಿ): ನಮ್ಮ ಅಗ್ನಿನಂದಕಗಳಿಗೆ ಈ ವರ್ಷದ ಸರ್ವಿಸ್ ಚೀಟಿ ಇದೆ. ಆದರೂ ತಪಾಸಣೆಯಲ್ಲಿ ಮೂರನ್ನು ತಿರಸ್ಕರಿಸಿದರು. ಚೀಟಿ ಇದ್ದ ಮೇಲೆ ತಿರಸ್ಕರಿಸುವುದು ಸರಿಯೆ?

ಉತ್ತರ: ಸರಿ. ಚೀಟಿ ಹೇಳುವುದು ಅದನ್ನು ಬರೆದ ದಿನದ ಸ್ಥಿತಿಯನ್ನು ಮಾತ್ರ. ಅಗ್ನಿನಂದಕಗಳಿಗೆಂದೇ ಇರುವ ಎನ್‌ಎಫ್‌ಪಿಎ 10 ಮಾನದಂಡದಲ್ಲಿ ತಿಂಗಳಿಗೊಮ್ಮೆ ಕಣ್ಣಿನಿಂದ ನೋಡುವ ಪರಿಶೀಲನೆ, ವರ್ಷಕ್ಕೊಮ್ಮೆ ಸರ್ವಿಸ್, ಅದರ ಮೇಲೆ ಸಿಲಿಂಡರಿನ ಒತ್ತಡ ಪರೀಕ್ಷೆ ಎಂಬ ಮೂರು ಬೇರೆ ಬೇರೆ ಕೆಲಸಗಳಿವೆ. ಒತ್ತಡ ಪರೀಕ್ಷೆ ಇಂಗಾಲದ ಡೈಆಕ್ಸೈಡ್ ಸಿಲಿಂಡರಿಗೆ 5 ವರ್ಷಕ್ಕೊಮ್ಮೆ, ಸಾಮಾನ್ಯ ಒಣಪುಡಿಯ ಸಿಲಿಂಡರಿಗೆ 12 ವರ್ಷಕ್ಕೊಮ್ಮೆ. ಚೀಟಿ ಇದ್ದೂ ಸಿಲಿಂಡರಿನ ಮೇಲೆ ಒತ್ತಿದ ವರ್ಷ ಅವಧಿ ಮೀರಿದ್ದರೆ ಅದು ಹೋಯಿತು. ಒತ್ತಡ ಮಾಪಕದ ಮುಳ್ಳು ಹಸಿರು ಪಟ್ಟಿಯಲ್ಲಿದೆಯೆ, ಪಿನ್ನು ಮತ್ತು ಅದರ ಸೀಲು ಇದೆಯೆ, ನಳಿಕೆಯ ಬಾಯಲ್ಲಿ ಜೇಡ ಗೂಡು ಕಟ್ಟಿದೆಯೆ, ಇವು ಕಣ್ಣಿಗೇ ಕಾಣುತ್ತವೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿಗೆ ಮುಳ್ಳೇ ಇರುವುದಿಲ್ಲ. ಅದನ್ನು ತೂಗಿಯೇ ನೋಡಬೇಕು, ಖಾಲಿಯಾದದ್ದೂ ತುಂಬಿದ್ದರಂತೆಯೇ ಕಾಣುತ್ತದೆ.

ಒಮ್ಮೆ ಒಂದು ಕಚೇರಿಯಲ್ಲಿ, ತಾನಾಗಿ ಮುಚ್ಚಿಕೊಳ್ಳಬೇಕಾದ ಮೆಟ್ಟಿಲ ಬಾಗಿಲನ್ನು ತೆರೆದಿಡಲು ಅಗ್ನಿನಂದಕವನ್ನೇ ಆನಿಸಿ ಇಟ್ಟಿದ್ದನ್ನು ಕಂಡೆ. ಚೀಟಿ ಹೊಚ್ಚಹೊಸದು, ಮುಳ್ಳು ಹಸಿರಿನಲ್ಲೇ ಇತ್ತು. ಒಂದೇ ವಸ್ತುವಿನಿಂದ ಎರಡು ಲೋಪ: ಅಗ್ನಿನಂದಕ ತನ್ನ ಜಾಗದಲ್ಲಿಲ್ಲ, ಹೊಗೆ ತಡೆಯುವ ಬಾಗಿಲು ಮುಚ್ಚುತ್ತಿಲ್ಲ. ನಿಮ್ಮಲ್ಲಿ ತಿರಸ್ಕರಿಸಿದ ಮೂರಕ್ಕೂ ಕಾರಣವನ್ನು ಬರೆದು ಕೊಡಿ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ, ಕೊಡುವ ಹೊಣೆ ತಪಾಸಣೆ ಮಾಡಿದವರದು.

ಪ್ರಶ್ನೆ: ಸುತ್ತೋಲೆಗಳು ಒಂದರ ಮೇಲೊಂದು ಬರುತ್ತವೆ. ಪಾಳಿಯಲ್ಲಿ ಕೆಲಸ ಮಾಡುವ ಸಿಬ್ಬಂದಿಗೆಲ್ಲ ಅವು ಮುಟ್ಟುವಂತೆ ಮಾಡುವುದು ಹೇಗೆ?

ಉತ್ತರ: ಸುತ್ತೋಲೆಯನ್ನು ವಾಟ್ಸಾಪ್‌ಗೆ ಹಾಕಿದರೆ ಮುಟ್ಟಿದಂತಾಗುವುದಿಲ್ಲ. ಒಂದು ವಹಿ ಇಡಿ. ಬಂದ ದಿನಾಂಕ, ಜಾರಿಯ ದಿನಾಂಕ, ಅದು ಯಾವ ಹಳೆಯ ಸುತ್ತೋಲೆಯನ್ನು ರದ್ದುಪಡಿಸುತ್ತದೆ, ಪ್ರತಿ ಪಾಳಿಯ ಸಹಿ. ರದ್ದಾದ ಪ್ರತಿಯ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಡತದಲ್ಲೇ ಬಿಡಿ. ಪಾಳಿ ಬದಲಾಗುವಾಗ ಹತ್ತು ನಿಮಿಷ ಓದಿಸಿ, ‘ನಿನ್ನೆ ನೋಡಿದ ಕಟ್ಟಡದಲ್ಲಿ ಇದರಿಂದ ಏನು ಬದಲಾಗುತ್ತದೆ’ ಎಂದು ಒಬ್ಬರನ್ನು ಕೇಳಿ. ಉತ್ತರ ಬಾರದಿದ್ದರೆ ಸುತ್ತೋಲೆ ಇನ್ನೂ ಮುಟ್ಟಿಲ್ಲ.

ಪ್ರಶ್ನೆ (ತಪಾಸಣಾ ಸಿಬ್ಬಂದಿ): ವಸತಿ ಕಟ್ಟಡವೊಂದರಲ್ಲಿ ಮೆಟ್ಟಿಲ ಕೆಳಗೆ ಎಂಟು ಎಲೆಕ್ಟ್ರಿಕ್ ಬೈಕುಗಳನ್ನು ಚಾರ್ಜಿಗೆ ಹಾಕಿರುತ್ತಾರೆ. ನಮ್ಮ ನಿಯಮ ಪುಸ್ತಕದಲ್ಲಿ ಲಿಥಿಯಂ ಬ್ಯಾಟರಿಯ ಹೆಸರೇ ಇಲ್ಲ. ಯಾವ ಕಲಮಿನಡಿ ನೋಟಿಸ್ ಕೊಡಲಿ?

ಉತ್ತರ: ಬ್ಯಾಟರಿಯ ಹೆಸರಿಲ್ಲದಿದ್ದರೂ ಮೆಟ್ಟಿಲಿನ ಹೆಸರಿದೆಯಲ್ಲ. ನಿರ್ಗಮನ ಮಾರ್ಗದಲ್ಲಿ ಅಡಚಣೆ ಅಥವಾ ಉರಿಯುವ ವಸ್ತು ಇರಬಾರದೆಂಬ ಕಲಮಿನಡಿ ನೋಟಿಸ್ ಕೊಡಿ; ವಿಸ್ತರಣಾ ತಂತಿಗಳನ್ನು ಕಾಯಂ ಆಗಿ ಎಳೆದಿದ್ದರೆ ವಿದ್ಯುತ್ ಸುರಕ್ಷತೆಯ ಕಲಮನ್ನೂ ಸೇರಿಸಿ. ಇಲ್ಲದ ಕಲಮನ್ನು ಊಹಿಸಿ ಬರೆಯಬೇಡಿ, ಮೇಲ್ಮನವಿಯಲ್ಲಿ ಅದೊಂದರಿಂದಲೇ ಇಡೀ ನೋಟಿಸ್ ಬಿದ್ದುಹೋಗಬಹುದು.

ಅಪಾಯ ಏನೆಂಬುದನ್ನು ನಿವಾಸಿಗಳಿಗೆ ಬಿಡಿಸಿ ಹೇಳಿ. ಬ್ಯಾಟರಿಯೊಳಗಿನ ಒಂದು ಕೋಶ (ಸೆಲ್) ಹಾಳಾಗಿ ಬಿಸಿಯೇರಿದರೆ ಆ ಬಿಸಿ ಪಕ್ಕದ ಕೋಶವನ್ನು ಹಾಳುಮಾಡುತ್ತದೆ, ಅದು ಅದರಾಚೆಯದನ್ನು. ಹೀಗೆ ಸರಣಿ ಹತ್ತಿದ ಮೇಲೆ ಹೊರಬರುವ ಅನಿಲ ವಿಷಕಾರಿಯೂ ಹೌದು, ಹೊತ್ತಿಕೊಳ್ಳುವಂಥದ್ದೂ ಹೌದು. ಆರಿತೆಂದುಕೊಂಡ ಬ್ಯಾಟರಿ ಗಂಟೆಗಳ ಬಳಿಕ, ಕೆಲವೊಮ್ಮೆ ದಿನಗಳ ಬಳಿಕ ಮತ್ತೆ ಹೊತ್ತಿಕೊಳ್ಳುವುದುಂಟು. ಮೆಟ್ಟಿಲ ಕೆಳಗೆ ಇದಾದರೆ ಹೊಗೆ ಏರುವ ದಾರಿಯೂ ಜನ ಇಳಿಯುವ ದಾರಿಯೂ ಒಂದೇ ಆಗುತ್ತದೆ. ಕಟ್ಟಡದಿಂದ ದೂರವಿರುವ, ಗಾಳಿಯಾಡುವ ಜಾಗವನ್ನು ತೋರಿಸದೆ ‘ತೆಗೆಯಿರಿ’ ಎಂದಷ್ಟೇ ಹೇಳಿದರೆ ಬೈಕುಗಳು ಮೆಟ್ಟಿಲ ಕೆಳಗಿನಿಂದ ಮನೆಯ ಒಳಬಾಗಿಲಿಗೆ ಹೋಗುತ್ತವೆ, ಅದು ಇನ್ನೂ ಕೆಟ್ಟದ್ದು.

ಜೊತೆಗೆ, ನಿಯಮದಲ್ಲಿ ಈ ವಿಷಯ ಬಿಟ್ಟುಹೋಗಿದೆ ಎಂದು ನಿಮ್ಮ ವರದಿಯ ಪ್ರತಿಯೊಂದಿಗೆ ಮೇಲಿನ ಕಚೇರಿಗೆ ಬೇರೆ ಟಿಪ್ಪಣಿ ಕಳುಹಿಸಿ. ಮುಂದಿನ ತಿದ್ದುಪಡಿಗೆ ಆಧಾರವಾಗುವುದು ಇಂಥ ಟಿಪ್ಪಣಿಗಳೇ. ಅದರಲ್ಲಿ ಬೈಕುಗಳ ಸಂಖ್ಯೆ, ಮೆಟ್ಟಿಲಿನಿಂದ ಅವು ಎಷ್ಟು ಅಡಿ ದೂರದಲ್ಲಿದ್ದವು, ಮೇಲೆ ಎಷ್ಟು ಮನೆಗಳಿವೆ, ಇಳಿಯಲು ಇನ್ನೊಂದು ಮೆಟ್ಟಿಲು ಇದೆಯೇ ಇಲ್ಲವೇ ಎಂಬುದನ್ನು ಬರೆಯಲು ಮರೆಯಬೇಡಿ.